ಟೇಲರ್ ಮನೆತನದ ಬೆಕ್ಕುಗಣ್ಣು

ನನ್ನ ತವರಿನ ಅಡ್ಡಹೆಸರು ಮೆಣಸಿನಕಾಯಿ, ಗಂಡನ ಮನೆಯದು ಟೇಲರ್. ನಮ್ಮ ಗದಗ ಸೀಮೆಯಲ್ಲಿ ಇದಕ್ಕೆ ಯಾರೂ ನಗುವುದಿಲ್ಲ. ಉಳ್ಳಾಗಡ್ಡಿ, ಬೆಲ್ಲದ, ಅಂಗಡಿ, ಎಲ್ಲರೂ ಮನುಷ್ಯರೇ. ಆದರೆ ಜರ್ಮನಿಗೆ ಬಂದ ಮೇಲೆ ಈ ಟೇಲರ್ ಎನ್ನುವ ಹೆಸರು ನಮ್ಮ ಮನೆಯ ನೆಮ್ಮದಿಯನ್ನೇ ಕೆಡಿಸಿಬಿಟ್ಟಿತು.

ಅದು 2002ನೇ ಇಸವಿ. ನನ್ನ ಗಂಡ ಬಾಳಪ್ಪ ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಆಗ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಬಂದು ಶ್ವೀಬರ್ಡಿಂಗೆನ್‌ನಲ್ಲಿ ಕಾರಿನ ಸಾಫ್ಟ್‌ವೇರ್ ಬರೆಯುತ್ತಿದ್ದರು. ನಾನು ಏಳು ತಿಂಗಳ ಬಸುರಿ. ಬಾಣಂತನಕ್ಕೆಂದು ಅತ್ತೆ ಅನ್ನಪೂರ್ಣವ್ವ ಗಜೇಂದ್ರಗಡದಿಂದ ಬಂದಿದ್ದರು. ಮಾವ ಹಾಲಸಿದ್ದಪ್ಪ ಮಾತ್ರ ಎಂಬತ್ತು ದಾಟಿದ ತಾಯಿಯನ್ನು ಬಿಟ್ಟು ಬರಲಾಗದೆ ಊರಲ್ಲೇ ಉಳಿದಿದ್ದರು. ಆ ಅಜ್ಜಿಯನ್ನು ಮನೆಯಲ್ಲಿ ಎಲ್ಲರೂ ಆಯಿ ಎನ್ನುತ್ತೇವೆ.

ಒಂದು ಶನಿವಾರ ಹತ್ತಿರದ ಊರು ಬೊಬ್ಲಿಂಗೆನ್‌ನಿಂದ ಫೋನ್ ಬಂತು. ಮಾತಾಡಿದವನು ಜೆಫ್ರಿ ಟೇಲರ್ ಎಂಬ ಇಂಗ್ಲಿಷ್ ಮುದುಕ, ನಿವೃತ್ತ ಮೇಷ್ಟ್ರು. ಟೆಲಿಫೋನ್‌ಬುಕ್ ಹಿಡಿದು ಜರ್ಮನಿಯಲ್ಲಿರುವ ಟೇಲರ್‌ಗಳನ್ನೆಲ್ಲ ಒಬ್ಬೊಬ್ಬರಾಗಿ ಮಾತಾಡಿಸುವುದು ಅವನ ಹವ್ಯಾಸವಂತೆ. ಬಾಳಪ್ಪ ಟೇಲರ್ ಎಂಬ ಹೆಸರು ಕಂಡು ಅವನಿಗೆ ಎರಡು ದಿನ ನಿದ್ದೆ ಬರಲಿಲ್ಲವಂತೆ. ನಮಗೆ ಎರಡು ತಿಂಗಳು ಬರದ ಹಾಗೆ ಮಾಡಿದ ಪುಣ್ಯಾತ್ಮ.

ಮರುವಾರ ಮನೆಗೇ ಬಂದ. ಅತ್ತೆ ಕೊಟ್ಟ ಅವಲಕ್ಕಿ ತಿನ್ನುತ್ತಾ ಒಂದು ನಕಾಶೆ ಬಿಡಿಸಿದ. ಇಂಗ್ಲೆಂಡಿನ ಉತ್ತರದಲ್ಲಿ ಟೇಲರ್ ಮನೆತನಗಳನ್ನು ಗುರುತಿಸಿ ಚುಚ್ಚಿದ ಗುಂಡುಸೂಜಿಯ ಚುಕ್ಕೆಗಳು ಕಿಕ್ಕಿರಿದಿದ್ದವು. ಟೇಲರ್ ಎಂದರೆ ಬಟ್ಟೆ ಕತ್ತರಿಸುವವನು, ಮಾತು ಫ್ರಾನ್ಸಿನಿಂದ ಬಂದದ್ದು ಎಂದ. ಊರಿಗೊಬ್ಬ ದರ್ಜಿ ಇದ್ದ, ಹಾಗಾಗಿ ಊರಿಗೊಂದು ಟೇಲರ್ ವಂಶ. ಹೆಸರು ಒಂದೇ ಆದರೂ ರಕ್ತ ಒಂದೇ ಅಲ್ಲ. ಯಾರ ರಕ್ತ ಯಾರದ್ದು ಎಂದು ತಿಳಿಯಲು ಈಗೊಂದು ಪರೀಕ್ಷೆ ಬಂದಿದೆ, ಕೆನ್ನೆಯ ಒಳಗೆ ಹತ್ತಿಯ ಕಡ್ಡಿ ಆಡಿಸಿದರೆ ಸಾಕು. ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಇಳಿದು ಬರುವ ಎಳೆಯೊಂದು ಅದರಲ್ಲಿ ಕಾಣುತ್ತದೆ. ಇಷ್ಟು ಹೇಳಿ ಇವರ ಮುಖವನ್ನೇ ನೋಡಿದ. ಏನು ನೋಡಿದ ಎಂದು ನನಗೆ ಗೊತ್ತು. ನನ್ನ ಗಂಡನದು ಬೂದಿ ಬಣ್ಣದ ಬೆಕ್ಕುಗಣ್ಣು.

ಊರಿನಲ್ಲಿ ಈ ಕಣ್ಣಿಗೊಂದು ಕತೆ ಇತ್ತು. ಆಯಿ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಗಂಡನ ಹೊಲಿಗೆ ಯಂತ್ರವನ್ನು ತಾವೇ ತುಳಿದು ಒಬ್ಬ ಮಗನನ್ನು ಸಾಕಿದರು. ಮಗನನ್ನು ಶಾಲೆಗೆ ಹಚ್ಚಿದಾಗ ಮಾಸ್ತರರು ಮನೆಯ ಉದ್ಯೋಗ ಕೇಳಿ, ಪಟ್ಟಿಯಲ್ಲಿ ಟೇಲರ್ ಎಂದು ಬರೆದುಕೊಂಡರು. ಇಪ್ಪತ್ತು ವರ್ಷ ಈ ಹೆಸರಿನಿಂದ ಯಾರಿಗೂ ತೊಂದರೆ ಇರಲಿಲ್ಲ. ಆ ಮಗನಿಗೆ ಮಗ ಹುಟ್ಟಿ, ಕೂಸು ಬೆಕ್ಕುಗಣ್ಣು ಬಿಟ್ಟಿತು ನೋಡಿ, ಊರಿಗೆ ಎಲ್ಲವೂ ಒಮ್ಮೆಲೇ ಅರ್ಥವಾಯಿತು. ಹತ್ತಿ ವ್ಯಾಪಾರಕ್ಕೆ ಬಂದಿದ್ದ ಇಂಗ್ಲಿಷ್ ಸಾಹೇಬನ ಬಂಗಲೆಗೆ ಹೊಲಿದ ಬಟ್ಟೆ ಒಯ್ಯುತ್ತಿದ್ದವಳು ಯಾರು? ಹೆಸರು ಟೇಲರ್ ಯಾಕೆ ಬಂತು? ಹಾಲಸಿದ್ದಪ್ಪ ಯಾರ ಮಗ? ಊರ ಬಾಯಿಗೆ ಬೀಗ ಹಾಕುವವರು ಯಾರು. ಮಾವ ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟರು. ನನ್ನ ನಿಶ್ಚಯದ ಹಿಂದಿನ ದಿನ ನನ್ನ ಸೋದರಮಾವ ಕೂಡ, "ಆ ಮನಿತನದಾಗ ಬಿಳೀ ರಕ್ತ ಐತಂತ" ಎಂದು ಗೊಣಗಿದ್ದರು. "ಕೆಂಪು ಇದ್ರ ಸಾಕು ಬಿಡ್ರಿ" ಎಂದಿದ್ದೆ ನಾನು.

ಹಾಗೆ ಅಂದವಳೇ, ಒಳಗೊಳಗೆ ನಾನೂ ಆ ಮಾತನ್ನು ನಂಬಿದ್ದೆ. ಅದನ್ನು ಮುಚ್ಚಿಡುವುದಿಲ್ಲ.

ನನ್ನ ಗಂಡನನ್ನು ಬೆಳೆಸಿದ್ದು ಆಯಿ. ಆಯಿಯನ್ನು ಅಂದವರ ಹಲ್ಲು ಉದುರಿಸಲು ಹೋಗಿ ಶಾಲೆಯಲ್ಲಿ ಇವರೇ ಒಂದು ಹಲ್ಲು ಕಳೆದುಕೊಂಡಿದ್ದರು. ಜೆಫ್ರಿ ಕಡ್ಡಿ ತೆಗೆದ ಕೂಡಲೇ ಬಾಯಿ ತೆರೆದೇಬಿಟ್ಟರು.

ಮುದುಕ ಹೋದ ಮೇಲೆ ನಾನು ಕೇಳಿದೆ, "ಇರುಳು ಕಂಡ ಬಾವಿಗೆ ಹಗಲು ಬೀಳತಾರೇನ್ರಿ? ನಾಳೆ ಸಾಹೇಬನ ರಕ್ತ ಅಂತ ಬಂದ್ರ ಏನ್ ಮಾಡತೀರಿ?"

"ಬರಂಗಿಲ್ಲ. ಆಯಿ ಸಾಯೋದ್ರೊಳಗ ಅಕಿ ಕೈಯಾಗ ಆ ಕಾಗದ ಇಡಬೇಕು ಪವಿ."

"ಬಂದ್ರ?"

ಒಳಗಿದ್ದ ಅತ್ತೆ ಲಟ್ಟಣಿಗೆ ಹಿಡಿದೇ ಬಂದು ಬಾಗಿಲಲ್ಲಿ ನಿಂತರು. "ಬಾಳೂ, ಅದರಾಗ ಬರೇ ಅಪ್ಪನ ಕಡೇದ ಅಷ್ಟ ತಿಳೀತೈತೇನು? ತಾಯಿ ಕಡೇದೂ ತಿಳೀತೈತೋ?"

"ಬರೇ ಅಪ್ಪನ ಕಡೇದವ್ವ."

ಅತ್ತೆ ಹೂಂ ಎಂದು ಒಳಗೆ ಹೋದರು. ಆ ರಾತ್ರಿ ಚಪಾತಿಗಳೆಲ್ಲ ಹೊತ್ತಿದ್ದವು.

ಆರು ವಾರ ಎಂದಿದ್ದ ಜೆಫ್ರಿ. ಆ ಆರು ವಾರ ಮನೆಯಲ್ಲಿ ಒಬ್ಬರೂ ಕೂತ ಕಡೆ ಕೂರಲಿಲ್ಲ. ಇವರು ದಿನಕ್ಕೆ ನಾಲ್ಕು ಸಲ ಕೆಳಗಿಳಿದು ಪೋಸ್ಟ್ ಡಬ್ಬಿ ನೋಡಿ ಬರುತ್ತಿದ್ದರು, ಭಾನುವಾರವೂ. ಅತ್ತೆ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದರು. ಹೊಟ್ಟೆಯೊಳಗಿನದು ಕೂಡ ಹಗಲೆಲ್ಲ ಒದೆಯುತ್ತಿತ್ತು. ಅದರ ಕಣ್ಣು ಯಾವ ಬಣ್ಣದ್ದಿರಬಹುದು ಎಂದು ನಾನೂ ಯೋಚಿಸದೆ ಇರಲಿಲ್ಲ.

ಒಮ್ಮೆ ಹೆಪ್ಪು ಹಾಕುತ್ತಿದ್ದಾಗ ಇವರು ಬಂದು ಪಕ್ಕದಲ್ಲಿ ನಿಂತರು. "ಮೊದಲ ಮನಿ ಹುಡುಕಾಕ ಹೋಗಿದ್ವಿ, ನೆನಪೈತೇನು? ಫೋನ್‌ನಾಗ ಟೇಲರ್ ಅಂತ ಹೆಸರು ಹೇಳಿದ ಕೂಡಲೇ ಬರ್ರಿ ಬರ್ರಿ ಅಂದ್ರು. ಬಾಗಲಾ ತಗದು ನನ್ನ ಮಾರಿ ನೋಡಿ, ಮನಿ ಹೋತು ಅಂದ್ರು."

"ಅದಕ್ಕ?"

"ಕೆಲವೊಮ್ಮೆ ಅನಸತೈತಿ, ಇದ್ರ ಇರಲಿ. ಇದ್ರ, ನಾನೂ ನಿಮ್ಮ ಪೈಕಿನ ಅಂತ ಆ ಕಾಗದ ಅವರ ಮುಂದ ಹಿಡೀಬಹುದಲ್ಲ."

ನನಗೆ ಮೈಯೆಲ್ಲ ಉರಿಯಿತು. "ಹಂಗಾರ ಆಯಿದು ಏನು? ಮನಿ ಮಾಲಕನ ಸಲುವಾಗಿ ಅಕಿನ್ನ ಕೆಟ್ಟಾಕಿ ಮಾಡತೀರಿ?" ಎಂದೆ. ಇವರ ಮುಖ ಇಳಿದುಹೋಯಿತು. ನಾನು ಕ್ಷಮೆ ಕೇಳಲಿಲ್ಲ. ಮೆಣಸಿನಕಾಯಿ ಮನೆತನದಲ್ಲಿ ಅದು ರೂಢಿ ಇಲ್ಲ.

ಜೆಫ್ರಿ ಕಾಗದವನ್ನು ಡಬ್ಬಿಗೆ ಹಾಕಲಿಲ್ಲ, ಒಂದು ಭಾನುವಾರ ಮಧ್ಯಾಹ್ನ ತಾನೇ ತಂದ. ಪಾಪ, ಅವನ ಮುಖದಲ್ಲಿ ಕಳೆಯೇ ಇರಲಿಲ್ಲ. ಇವರ ಎಳೆ ಅವನ ಯಾವ ಟೇಲರ್‌ಗೂ ಹೊಂದಲಿಲ್ಲ, ಇಂಗ್ಲೆಂಡಿನ ಯಾವ ಮನೆತನಕ್ಕೂ ಹತ್ತಿರ ಬರಲಿಲ್ಲ. ಅದು ಹಿಂದೂಸ್ತಾನದ ಕಡೆ ಹೇರಳವಾಗಿ ಸಿಗುವ ಎಳೆ. ನೀವು ನಮ್ಮವರಲ್ಲ, ಕ್ಷಮಿಸಿ ಎಂದು ಇವರ ಕೈ ಹಿಡಿದುಕೊಂಡ. ಯಾರಾದರೂ ಹಾಗೆ ಅಂದದ್ದಕ್ಕೆ ಇವರು ಅಷ್ಟು ಖುಷಿಪಟ್ಟದ್ದನ್ನು ನಾನು ಮತ್ತೆ ನೋಡಿಲ್ಲ.

ಅವನನ್ನು ಕಳಿಸಿ ಬಂದವರೇ ಕಾಗದ ಎತ್ತಿ ಹಿಡಿದು, "ನೋಡವ್ವಾ! ಅಪ್ಪ ನಮ್ಮಜ್ಜನ ಮಗಾನ! ಆಯಿ ಮಾತಿಗೆ ಈಗ ಸರಕಾರೀ ಶಿಕ್ಕಾ ಬಿತ್ತು" ಎಂದು ಕುಣಿದರು. ಆಮೇಲೆ ನಗುತ್ತಲೇ ಕೇಳಿದರು, "ಮತ್ತ ಈ ಹಾಳ ಕಣ್ಣು ಎಲ್ಲಿಂದ ಬಂದ್ವು?"

ಅತ್ತೆ ಸೋಫಾದ ತುದಿಯಲ್ಲಿ ಕೂತಿದ್ದರು. ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.

"ನಮ್ಮವ್ವಂದು" ಎಂದರು.

ಇವರು ನಗುವುದನ್ನು ನಿಲ್ಲಿಸಿದರು.

"ನಮ್ಮವ್ವಂದು ಹಿಂಗ ಇದ್ದವು ಕಣ್ಣು. ಯಾಕ ಹಂಗಿದ್ವು ನನಗೂ ಗೊತ್ತಿಲ್ಲ. ನಾ ಹತ್ತು ವರ್ಷದಾಕಿ ಇದ್ದಾಗ ಸತ್ಲು. ಆಕಿದು ಬ್ಯಾರೆ ಊರು, ಗಜೇಂದ್ರಗಡದಾಗ ಯಾರಿಗೂ ಆಕಿ ಗುರ್ತ ಇರಲಿಲ್ಲ. ನೀ ಹುಟ್ಟಿ ಕಣ್ಣು ಬಿಟ್ಟ ಕೂಡಲೇ ನನಗ ತಿಳೀತು. ಊರು ನಮ್ಮತ್ತೀನ್ನ ಹಿಡೀತು. ನಾ ಒಂದು ಮಾತು ಹೇಳಿದ್ರ ಮುಗೀತಿತ್ತು. ಹೇಳಲಿಲ್ಲ."

"ಯಾಕ?"

"ನಮ್ಮವ್ವನ್ನ ಅಂತಿದ್ರು. ನನ್ನ ತವರಿಗೆ ಅಟ್ಟತಿದ್ರು. ಅಂಜಿದೆ."

"ಮೂವತ್ತೆರಡು ವರ್ಷ ಅವ್ವಾ!" ಇವರು ಕೂಗಿದರು. ಅಷ್ಟು ದೊಡ್ಡ ದನಿ ನಾನು ಕೇಳಿರಲಿಲ್ಲ. "ಅಕಿ ಮಾಡಿದ ರೊಟ್ಟಿ ತಿಂದಿ, ಅಕಿ ಹೊಲಿದ ಕುಬಸ ತೊಟ್ಟಿ. ನಾ ಹೊಡದಾಡಿ ಬಂದಾಗ ಅರಿಷಿಣ ಹಚ್ಚಿದಿ. ಆಗೂ ಹೇಳಲಿಲ್ಲ!" ಕಾಗದವನ್ನು ನೆಲಕ್ಕೆ ಎಸೆದು ಬಾಲ್ಕನಿಗೆ ಹೋಗಿ ಬೆನ್ನು ಮಾಡಿ ನಿಂತರು.

ನನಗೂ ಅತ್ತೆಯ ಮೇಲೆ ಸಿಟ್ಟು ಬಂತು. ಹಾಗೆಯೇ ಕರುಳೂ ಚುರುಕ್ ಎಂದಿತು. ಇನ್ನೆರಡು ವಾರಕ್ಕೆ ನನ್ನ ಕೈಯಲ್ಲೂ ಕೂಸಿರುತ್ತದೆ, ನಾನಾಗಿದ್ದರೆ ಏನು ಮಾಡುತ್ತಿದ್ದೆ? ಎದ್ದು ಊರಿಗೆ ಫೋನ್ ಹಚ್ಚಿ, ಮಾವ ಎತ್ತಿದಾಗ ಆಯಿಯನ್ನು ಕರೆಯಲು ಹೇಳಿ, ರಿಸೀವರನ್ನು ಅತ್ತೆಯ ಕೈಗೆ ಕೊಟ್ಟೆ. "ಹೇಳ್ರಿ ಅತ್ತಿ. ನಮಗ ಹೇಳಿದ್ರ ಏನು ಬಂತು."

ಆಯಿಗೆ ಕಿವಿ ಮಂದ. ತಮಗೆ ಕೇಳದ್ದು ಲೋಕಕ್ಕೂ ಕೇಳುವುದಿಲ್ಲ ಎಂದು ಕೂಗಿಯೇ ಮಾತಾಡುತ್ತಾರೆ. ಅವರ ದನಿ ಬಾಲ್ಕನಿವರೆಗೂ ಕೇಳಿಸುತ್ತಿತ್ತು.

ಅತ್ತೆಯೂ ಕೂಗಿಯೇ ಹೇಳಬೇಕಾಯಿತು. ಮೂವತ್ತೆರಡು ವರ್ಷ ಪಿಸುಗುಟ್ಟದ ಮಾತನ್ನು, ಸಾಲದೆಂಬಂತೆ ಎರಡೆರಡು ಸಲ ಕೂಗಿ ಹೇಳಿದರು. "ಬಾಳೂನ ಕಣ್ಣು ನಮ್ಮವ್ವಂದು ಅತ್ತಿ! ನನಗ ಗೊತ್ತಿತ್ತು! ನಿಮ್ಮ ಮ್ಯಾಲ ಬಂತು, ನಾ ಸುಮ್ಮನಿದ್ದೆ!"

"ಅದನ್ನ ನನಗೇನು ಹೇಳತಿ?" ಎಂದರು ಆಯಿ. "ನನಗ ಗೊತ್ತಿಲ್ಲೇನು? ನಿಮ್ಮವ್ವ ಸಂತೀ ದಿನ ನನ್ನ ಕಡೆ ಕುಬಸ ಹೊಲಿಸಾಕ ಬರತಿದ್ಲು. ಆ ಕಣ್ಣು ಮರಿಯಾಕ ಆಗತೈತೇನು? ಅಕಿ ಮಗಳು ಅಂತನ ನಿನ್ನ ನಮ್ಮ ಮನಿಗೆ ತಂದಿದ್ದು."

ಬಾಲ್ಕನಿಯಲ್ಲಿ ಇವರು ಈ ಕಡೆ ತಿರುಗಿದರು.

ಅತ್ತೆ ಈ ಸಲ ಕೂಗಲಿಲ್ಲ. "ಮತ್ತ... ಮಂದಿ ಅಂದಾಗ ನೀವ್ಯಾಕ ಸುಮ್ಮನಿದ್ರಿ?" ಎಂದದ್ದು ಆಯಿಗೆ ಕೇಳಿಸಿತೋ ಇಲ್ಲವೋ. ಅವರು ತಮ್ಮಷ್ಟಕ್ಕೆ ಮುಂದುವರಿದಿದ್ದರು.

"ನಾ ಗಂಡ ಸತ್ತಾಕಿ. ಮಂದಿ ನನ್ನ ಅನ್ನೋದು ಮೊದಲಿಂದನೂ ಇತ್ತು, ಇನ್ನೊಂದು ಮಾತಾದ್ರ ಏನು ಭಾರ? ನಿನಗಾಗ ಹದಿನೆಂಟು ವರ್ಷ. ತಾಯಿಲ್ಲದ ಹುಡುಗಿ, ಕೈಯಾಗ ಹಸಗೂಸು. ನಿನಗ ಅಂದಿದ್ರ ನೀ ಬಾವಿ ಹಾರತಿದ್ದಿ. ಅದಕ್ಕ ಬಾಯಿ ಹೊಲಕೊಂಡು ಕುಂತೆ. ಹಾಲಸಿದ್ದಗೂ ಅವತ್ತ ಹೇಳಿ, ಸುಮ್ಮನಿರು ಅಂದಿದ್ದೆ. ಇಲ್ಲೇ ಬಾಜೂಕ ನಿಂತಾನ ನೋಡು, ಕೊಡ್ಲೇನು?"

ಇವರು ಒಳಗೆ ಬಂದು ಅತ್ತೆಯ ಕಾಲ ಬಳಿ ನೆಲದ ಮೇಲೆ ಕೂತರು.

"ಹಲೋ! ಅನ್ನಪೂರ್ಣೀ! ಹಲೋ!" ಆಯಿ ಕೂಗುತ್ತಲೇ ಇದ್ದರು. ಆಮೇಲೆ ಪಕ್ಕಕ್ಕೆ ತಿರುಗಿ, "ಹಾಲಸಿದ್ದಾ, ಲೈನ್ ಹೋತೇನೋ ನೋಡಪಾ" ಎಂದರು. ಲೈನ್ ಹೋಗಿರಲಿಲ್ಲ. ಈ ಕಡೆ ಮೂವರಿದ್ದೆವು, ಇಲ್ಲೇ ಇದ್ದೇವೆ ಎನ್ನಲು ಒಬ್ಬರಿಗೂ ಬಾಯಿ ಬರಲಿಲ್ಲ.