ಕಂಪನಿ ಸೆಟ್ಟು

ಕಾರಿನ ಜೊತೆ ಕಂಪನಿಯಿಂದಲೇ ಬಂದಿದ್ದ ಹಳೆಯ ಹಾಡಿನ ಸೆಟ್ಟು ಡ್ಯಾಶ್‌ಬೋರ್ಡಿನಿಂದ ಕಳಚಿ ಬಂದಾಗ ಅದರ ಹಿಂದೆ ವೈರುಗಳ ದೊಡ್ಡ ಗೊಂಚಲು ಜೋತುಬಿತ್ತು. ಅಂಕೋಲೆಯಲ್ಲಿ ಕಾರುಗಳ ವೈರಿಂಗ್ ಮಾಡುವ ಬೀರಾ ಅದನ್ನು ಬಿಡಿಸಿ ನೋಡಿದ.

"ಇದು ಬರೀ ಹಾಡಿನ ಸೆಟ್ಟಲ್ಲ ರೂಪೇಶಣ್ಣಾ. ಬೆಲ್ಟ್ ಹಾಕದಿದ್ರೆ ಕೂಗೂದು, ಹಿಂದೆ ತೆಗೂವಾಗ ಕ್ಯಾಮೆರಾ ಕಾಣೂದು, ಎಲ್ಲಾ ಇದ್ರಲ್ಲೇ. ಸುಮ್ನೆ ಹೊಸದು ಕೂರಿಸಿದ್ರೆ ಕಾರು ಮೂಕ ಆಗ್ತದೆ. ಹಳೇ ವೈರಿಗೂ ಹೊಸ ಸೆಟ್ಟಿಗೂ ನಡುವೆ ಒಂದು ಡಬ್ಬಿ ಹಾಕ್ಬೇಕು."

"ಹಾಕು ಮಾರಾಯಾ. ಇದ್ದದ್ದೆಲ್ಲ ಇದ್ದ ಹಾಗೇ ಇರ್ಲಿ."

ರೂಪೇಶ ಕಾರವಾರದ ಕೋಡಿಬಾಗದಲ್ಲಿ ದೋಣಿಗಳ ಎಂಜಿನ್ ರಿಪೇರಿ ಮಾಡುವವನು. ದಿನವಿಡೀ ಎಂಜಿನ್ನಿನ ಸದ್ದು, ಕಾರು ಹತ್ತಿದರೆ ಹಾಡು. ಹೆಂಡತಿ ಮನಿಷಾ ಪಕ್ಕದಲ್ಲಿ ಮಾತು ತೆಗೆದರೆ ಅವನ ಕೈ ತಾನಾಗಿ ಹಾಡನ್ನು ಏರಿಸುತ್ತಿತ್ತು. ಚೌತಿ ಮುಗಿದ ಮೇಲೆ ಅವಳನ್ನು ಮಂಜಗುಣಿಯ ತವರಿಗೆ ಬಿಡಲು ಹೊರಟಾಗಲೂ ಹಾಗೇ ಆಗಿತ್ತು. ಬಿಣಗಾ ದಾಟಿದಾಗಿನಿಂದ ಅವಳು ಏನೋ ಹೇಳುತ್ತಿದ್ದಳು; ಅವರ್ಸಾ ಬರುವಷ್ಟರಲ್ಲಿ ಸುಮ್ಮನಾಗಿದ್ದಳು. ಚೀಲ ಎತ್ತಿಕೊಂಡು ಇಳಿದವಳು ತಿರುಗಿ ಬರಲೇ ಇಲ್ಲ. ಫೋನು ಮಾಡಿದರೆ, "ಅಲ್ಲಿ ಬಂದು ನಾ ಯಾರ ಹತ್ರ ಮಾತಾಡೂದು?" ಎಂದಷ್ಟೇ ಕೇಳಿದ್ದಳು.

"ಎಡಗಡೆ ಸೀಟಲ್ಲಿ ಸ್ವಲ್ಪ ಕೂತ್ಕಳಿ, ಬೆಲ್ಟಿಂದು ಕೂಗ್ತದಾ ನೋಡ್ವಾ," ಎಂದ ಬೀರಾ, ಹೊಸ ಸೆಟ್ಟು ಕೂರಿಸಿ ಮುಗಿಸಿ.

ಸ್ವಂತ ಕಾರಿನಲ್ಲಿ ರೂಪೇಶ ಆ ಕಡೆ ಕೂತದ್ದು ಅದೇ ಮೊದಲು. ಮನಿಷಾ ತನ್ನ ಎತ್ತರಕ್ಕೆ ಸೀಟನ್ನು ಮುಂದಕ್ಕೆ ಎಳೆದುಕೊಂಡಿದ್ದಳು. ಅವನ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗಿತು. ಬೀಪ್ ಸರಿಯಾಗಿ ಕೂಗಿತು. ಸ್ಟಿಯರಿಂಗಿನ ಮುಂದೆ ಕೂತಿದ್ದ ಬೀರಾ ಖುಷಿಯಿಂದ ಒಂದು ಹಾಡು ಹಚ್ಚಿ ಸ್ಪೀಕರುಗಳನ್ನು ಒಂದೊಂದಾಗಿ ನೋಡತೊಡಗಿದ.

"ಸಾಕು ಬೀರಾ," ಎಂದ ರೂಪೇಶ.

ಬೀರನ ಕಣ್ಣು ಪರದೆಯ ಮೇಲಿತ್ತು. ಇತ್ತ ಕಾಣುತ್ತಿದ್ದದ್ದು ಅವನ ಕಿವಿ, ಅರ್ಧ ಕೆನ್ನೆ. ಹಾಡು ಇನ್ನಷ್ಟು ಏರಿತು. ರೂಪೇಶ ಮತ್ತೊಮ್ಮೆ ಹೇಳಿದ. ಮೂರನೆಯ ಸಲ ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ.

ಅಲ್ಲಿಂದ ಅವನು ಕಾರವಾರದ ಕಡೆ ತಿರುಗಲಿಲ್ಲ. ಮಂಜಗುಣಿಯಲ್ಲಿ ಮನಿಷಾ ಕೈ ಒರೆಸಿಕೊಳ್ಳುತ್ತ ಅಂಗಳಕ್ಕೆ ಬಂದಳು. ಅವನು ಒಳಗಿನಿಂದಲೇ ಎಡಬಾಗಿಲು ತೆರೆದ. ಅವಳು ಕೊಂಚ ಹೊತ್ತು ನಿಂತು, ಬಂದು ಕೂತಳು. ಕಾರು ಬೆಲ್ಟಿಗಾಗಿ ಕೂಗಿತು. ಅವನು ಕೀಲಿ ತಿರುಗಿಸಿ ಎಲ್ಲವನ್ನೂ ನಿಲ್ಲಿಸಿದ.

"ಆ ದಿನ ಬಿಣಗಾದಿಂದ ಎಂತ ಹೇಳ್ತಿದ್ದೆ ನೀನು?"

ಅವಳು ಅವನನ್ನೇ ನೋಡಿದಳು. ಸಿಟ್ಟಿರಲಿಲ್ಲ. ನಿಜವಾಗಿಯೂ ನೆನಪಿಸಿಕೊಳ್ಳುತ್ತಿದ್ದಳು.

"ಈಗ ನೆನಪಿಲ್ಲ," ಎಂದಳು.

ಆಮೇಲೆ ಅವಳು ಇಳಿದಳು. "ಚಾ ಇಡ್ತೆ. ಕುಡ್ದು ಹೋಗಿ."

ಚಾಕ್ಕೆ ಕಾಯುತ್ತ ಅವನು ತನ್ನ ಕಡೆಯ ಬಾಗಿಲು ತೆರೆದ. ಅಂಗಳದಾಚೆ ಗಂಗಾವಳಿ ಹೊಳೆಯಲ್ಲಿ ಸಮುದ್ರದ ಭರತದ ನೀರು ಏರುತ್ತಿತ್ತು. ಕೆಸರಿನ ಅಂಚಿನಲ್ಲಿ ನಿಂತಿದ್ದ ಒಂದು ಬೆಳ್ಳಕ್ಕಿ, ನೀರು ಕಾಲಿಗೆ ತಾಗಿದಾಗಲೆಲ್ಲ ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಅಲ್ಲೇ ನಿಲ್ಲುತ್ತಿತ್ತು.