ಸುಂದರಮ್ಮ ಇಟ್ಟ ಪ್ರಸ್ಥಾನ

ಹೊಳೆನರಸೀಪುರದ ಚಲುವನಾರಾಯಣ ಮೇಷ್ಟರ ಮನೆಯಲ್ಲಿ ಪಂಚಾಂಗ ಹೇಳಿದ್ದಕ್ಕೆ ಅಪೀಲು ಇಲ್ಲ. ಉಪ್ಪಿನಕಾಯಿ ಜಾಡಿ ತೆಗೆಯುವುದಕ್ಕೂ ಮೇಷ್ಟರು ಹೊತ್ತು ನೋಡುತ್ತಾರೆ ಎಂದು ಬೀದಿಯವರು ನಗುತ್ತಿದ್ದರು. ನಗಲಿ ಬಿಡಿ, ಮೂವತ್ತಾರು ವರ್ಷ ಗಣಿತ ಹೇಳಿಕೊಟ್ಟ ಮನುಷ್ಯ, ಲೆಕ್ಕ ಹಾಕದೆ ಹೆಜ್ಜೆ ಇಟ್ಟವರಲ್ಲ. ಆದರೆ ಆ ಮಂಗಳವಾರ ಮಧ್ಯಾಹ್ನ ಎರಡೂಮುಕ್ಕಾಲಕ್ಕೆ ಬಂದ ಒಂದು ಫೋನು ಅವರ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿತು.

ಫೋನು ಮಾಡಿದವನು ಮಗ ಕೇದಾರ್, ಚನ್ನರಾಯಪಟ್ಟಣದಲ್ಲಿ ಕಾಲೇಜು ಮೇಷ್ಟ್ರು. "ಅಪ್ಪಾ, ಹಾಸನದ ಆಸ್ಪತ್ರೆಗೂ ನಮ್ಮ ವಿಮೆ ಕಂಪನಿಗೂ ದರದ ವಿಚಾರಕ್ಕೆ ಜಗಳ ಆಗಿದೆ. ಒಪ್ಪಂದ ಇವತ್ತಿಗೆ ಮುಗೀತು. ಸಾಯಂಕಾಲ ಐದರೊಳಗೆ ಅಡ್ಮಿಟ್ ಆದವರ ಬಿಲ್ಲು ಮಾತ್ರ ಕಂಪನಿ ಕಟ್ಟುತ್ತಂತೆ. ಆಮೇಲೆ ಹೋದ್ರೆ ಪೂರ್ತಿ ನಮ್ಮ ಕೈಯಿಂದಲೇ. ಅಮ್ಮನ್ನ ಈಗಲೇ ಹೊರಡಿಸಿ!"

ಅಮ್ಮ ಎಂದರೆ ಸುಂದರಮ್ಮ. ಹೃದಯದ ವಾಲ್ವು ಬದಲಿಸಬೇಕೆಂದು ಡಾಕ್ಟರು ಹೇಳಿ ತಿಂಗಳಾಗಿತ್ತು. ಹನ್ನೊಂದು ವರ್ಷ ಒಂದು ಕಂತೂ ತಪ್ಪಿಸದೆ ವಿಮೆ ಕಟ್ಟಿದ್ದು ಇಂಥ ದಿನಕ್ಕೆಂದೇ. ಆಪರೇಷನ್ನಿನ ಖರ್ಚನ್ನು ಕೈಯಿಂದ ಕೊಡುವ ತಾಕತ್ತು ಪಿಂಚಣಿಯ ಮನೆಗೆಲ್ಲಿ ಬರಬೇಕು? ಹಾಸನ ತಪ್ಪಿದರೆ ಬೆಂಗಳೂರು. ಅಲ್ಲಿ ಪರೀಕ್ಷೆಗಳೂ ಮೊದಲಿನಿಂದ, ಸರದಿಯೂ ಮೊದಲಿನಿಂದ. ಅಷ್ಟು ದಿನ ಕಾಯುವ ಉಸಿರು ಸುಂದರಮ್ಮನಲ್ಲಿ ಉಳಿದಿರಲಿಲ್ಲ. ನಾಲ್ಕು ಹೆಜ್ಜೆ ನಡೆದರೆ ಗೋಡೆ ಹಿಡಿಯುತ್ತಿದ್ದರು.

ಮೇಷ್ಟರಿಗೆ ಚುಚ್ಚಿದ್ದು ಇನ್ನೊಂದು. ಶುಕ್ರವಾರವೇ ಆಸ್ಪತ್ರೆಯಿಂದ ಕರೆದಿದ್ದರು, ಹಾಸಿಗೆ ಖಾಲಿಯಾಗಿದೆ, ನಾಳೆಯೇ ಬನ್ನಿ ಎಂದು. "ಶನಿವಾರ ಆಸ್ಪತ್ರೆ ಮೆಟ್ಟಿಲು ಹತ್ತೋದುಂಟೇ? ಗುರುವಾರ ದಶಮಿ, ಪ್ರಶಸ್ತವಾಗಿದೆ" ಎಂದು ದಿನ ಮುಂದೆ ಹಾಕಿಸಿದವರು ಇವರೇ. ಸುಂದರಮ್ಮ "ಹೋಗ್ಬಿಡೋಣ ಕಣ್ರೀ" ಎಂದು ಒಂದೇ ಒಂದು ಸಲ ಹೇಳಿ ಸುಮ್ಮನಾಗಿದ್ದರು.

ಸೊಸೆ ಆರತಿ ಆಗಲೇ ಎದುರುಮನೆ ಅನಸೂಯಮ್ಮನವರ ಮಗ ರಜನೀಶನ ಕಾರು ತರಿಸಿ ಬಾಗಿಲಿಗೆ ನಿಲ್ಲಿಸಿದ್ದಳು. "ಮಾವ, ಒಂದು ಗಂಟೆ ದಾರಿ. ಈಗಲೇ ಹೊರಟುಬಿಡೋಣ."

"ಮೂರರಿಂದ ನಾಲ್ಕೂವರೆ ರಾಹುಕಾಲ" ಎಂದರು ಮೇಷ್ಟರು. "ಅದರ ಮೇಲೆ ಮಂಗಳವಾರ, ಅಷ್ಟಮಿ."

"ನಾಲ್ಕೂವರೆಗೆ ಹೊರಟರೆ ಅಲ್ಲಿ ಬಾಗಿಲು ಹಾಕಿರುತ್ತೆ!"

"ಎದೆ ಕುಯ್ಯೋ ಕೆಲಸ ಕಣಮ್ಮ ಅದು! ಕೆಟ್ಟ ಘಳಿಗೇಲಿ ಕರ್ಕೊಂಡು ಹೋಗಿ, ಅವಳು ವಾಪಸ್ ಬರದಿದ್ರೆ?" ಎಂದರು ಮೇಷ್ಟರು. ಬೀದಿಯವರು ಮೊಂಡುತನ ಎಂದುಕೊಂಡಿದ್ದೆಲ್ಲ ಬರೀ ಭಯ. ಸುಂದರಮ್ಮನಿಲ್ಲದ ಮನೆಯನ್ನು ನೆನೆಸಿಕೊಳ್ಳುವುದಕ್ಕೂ ಅವರಿಗೆ ಆಗುತ್ತಿರಲಿಲ್ಲ. ಹೊರಗೆ ರಜನೀಶ ಎರಡು ಸಲ ಹಾರನ್ ಮಾಡಿದ. ಗೋಡೆ ಗಡಿಯಾರದಲ್ಲಿ ಮೂರು ದಾಟಿ ಹತ್ತು ನಿಮಿಷವಾಯಿತು.

ಅಷ್ಟರಲ್ಲಿ ಬಾಗಿಲ ತೋಳು ಹಿಡಿದುಕೊಂಡು ಸುಂದರಮ್ಮ ನಡುಮನೆಗೆ ಬಂದರು. "ಆರತಿ, ಅನಸೂಯಮ್ಮನ ಮನೇಲಿ ನನ್ನ ಬ್ಯಾಗಿದೆ. ತಂದು ಕಾರಿನಲ್ಲಿಡು."

"ಯಾವ ಬ್ಯಾಗೇ?" ಎಂದರು ಮೇಷ್ಟರು.

"ಭಾನುವಾರ ಬೆಳಿಗ್ಗೆ ರಜನೀಶನ ಕೈಲಿ ಕಳಿಸಿ ಪ್ರಸ್ಥಾನ ಇಟ್ಟೆ."

ಮೇಷ್ಟರು ಕಣ್ಣು ಕಣ್ಣು ಬಿಟ್ಟರು. ಹೊರಡುವ ದಿನ ಚೆನ್ನಾಗಿರದಿದ್ದರೆ, ಮುಂಚೆಯೇ ಒಂದು ಒಳ್ಳೆಯ ಘಳಿಗೆಯಲ್ಲಿ ಬಟ್ಟೆಯ ಗಂಟನ್ನು ನೆರೆಮನೆಯಲ್ಲಿ ಇಟ್ಟುಬರುವುದು ಹಳೆಯ ಪದ್ಧತಿ. ಗಂಟು ಹೊಸ್ತಿಲು ದಾಟಿತೆಂದರೆ ಆಳೂ ಹೊರಟ ಲೆಕ್ಕ. ಕಾಶಿಗೆ ಹೊರಟವರಿಗೆಲ್ಲ ಈ ಶಾಸ್ತ್ರ ಹೇಳಿಕೊಟ್ಟವರು ಇದೇ ಮೇಷ್ಟರು.

"ಮೂರು ದಿನದೊಳಗೆ ಹೊರಡದಿದ್ರೆ ಪ್ರಸ್ಥಾನ ಕೆಟ್ಟಿತು ಅಂತ ನೀವೇ ಹೇಳಿದ್ದು. ಭಾನುವಾರ, ಸೋಮವಾರ, ಇವತ್ತು ಮೂರನೇದು." ಸುಂದರಮ್ಮ ಉಸಿರಿಗಾಗಿ ನಿಂತರು. "ನಾನು ಷಷ್ಠಿ ದಿನವೇ ಹೊರಟಾಯ್ತು ಕಣ್ರೀ. ನಿಮ್ಮ ರಾಹು ಇವತ್ತು ನನ್ನನ್ನ ಏನು ಮಾಡ್ತಾನೆ?"

ಮೇಷ್ಟರು ಚಪ್ಪಲಿ ಹುಡುಕಿದರು.

ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಹೋಯಿತಲ್ಲಪ್ಪ ಎಂದರು ಮೇಷ್ಟರು. ಗೂಡ್ಸ್ ಗಾಡಿ ಬೇಕೆಂದೇ ತೆವಳುತ್ತಿದೆ ಎನ್ನಿಸಿ ಅದಕ್ಕೂ ಶಾಪ ಹಾಕಿದರು. ಹಾಸನ ಮುಟ್ಟುವಾಗ ಗಂಟೆ ನಾಲ್ಕೂವರೆ.

ವಿಮೆಯ ಕೌಂಟರಿನ ಮುಂದೆ ಜನವೋ ಜನ. ಅರಕಲಗೂಡು ಕಡೆಯ ತಿಮ್ಮಪ್ಪ ಎಂಬ ರೈತ, ಕೌಂಟರಿನ ಹುಡುಗಿ ಮೇಘಶ್ರೀಯ ಮೇಲೆ ರೇಗುತ್ತಿದ್ದ. "ಕಂತು ಒಂದಿನ ತಡ ಆದ್ರೆ ಫೋನ್ ಮ್ಯಾಲ್ ಫೋನ್ ಮಾಡ್ತಿದ್ರಿ ಕಣವ್ವಾ! ಈಗ ಗಂಡ ಎಂಡ್ತಿ ಜಗಳ್ದಾಗೆ ಕೂಸು ಬಡವಾಯ್ತು ಅನ್ನಂಗೆ, ನೀವ್ ನೀವ್ ಕಿತ್ತಾಡ್ಕಂಡು ನಮ್ಮುನ್ನ ಬೀದೀಗ್ ಬುಟ್ರಲ್ಲ!" ಅಷ್ಟು ಕೂಗಿದವನು ಹಿಂದೆ ತಿರುಗಿ ಸುಂದರಮ್ಮನ ಮುಖ ನೋಡಿದ್ದೇ ಪಕ್ಕಕ್ಕೆ ಸರಿದ. "ದಾರಿ ಬುಡ್ರಲಾ, ಆ ಯಮ್ಮುಂಗೆ ಉಸ್ರೇ ಸಿಕ್ತಿಲ್ಲ."

ಮೇಘಶ್ರೀ ಫೈಲು ತೆರೆದು ತಲೆಯಾಡಿಸಿದಳು. "ಇದರಲ್ಲಿ ಗುರುವಾರ ಅಂತಿದೆ ಸರ್. ನೀವೇ ಕೇಳಿ ಹಾಕಿಸ್ಕೊಂಡಿದ್ದು. ಇವತ್ತೇ ಸೇರಿಸ್ಕೋಬೇಕಾದ್ರೆ ಕಾಯಿಲೆ ಜಾಸ್ತಿಯಾಗಿದೆ ಅಂತ ಡಾಕ್ಟರು ಬರೆದುಕೊಡಬೇಕು."

ಗಂಟೆ ನಾಲ್ಕು ನಲವತ್ತು. ಡಾಕ್ಟರು ಬರುವಷ್ಟರಲ್ಲಿ ನಲವತ್ತೆಂಟು. ಅವರು ಸುಂದರಮ್ಮನ ಎದೆಗೆ ಸ್ಟೆತಾಸ್ಕೋಪು ಇಟ್ಟು ಕೇಳಿದರು. "ಮಲಗಿದ್ರೆ ಉಸಿರು ಕಟ್ಟುತ್ತಾ?"

"ಇಲ್ಲ ಡಾಕ್ಟ್ರೇ, ರಾತ್ರಿ ನಿದ್ದೆ ಮಾಡ್ತಾಳೆ" ಎಂದರು ಮೇಷ್ಟರು. ಅಯ್ಯೋ, ಆ ಹೊತ್ತಿನಲ್ಲೂ ಇವರಿಗೆ ಸತ್ಯವೇ ಬೇಕು!

"ಮಾಡಲ್ಲ" ಎಂದರು ಸುಂದರಮ್ಮ. "ಶನಿವಾರ ರಾತ್ರಿಯಿಂದ ಮಲಗೋಕಾಗಿಲ್ಲ. ಹಾಸಿಗೆ ಮೇಲೆ ಕೂತೇ ಬೆಳಗು ಮಾಡ್ತಿದೀನಿ."

ಮೇಷ್ಟರು ಹೆಂಡತಿಯ ಕಡೆ ನೋಡಿದರು. ಪಕ್ಕದ ಮಂಚದಲ್ಲೇ ಮಲಗಿದ್ದರು, ಮೂರು ರಾತ್ರಿಯೂ ಗೊರಕೆ ಹೊಡೆದಿದ್ದರು. ಭಾನುವಾರ ಬೆಳಿಗ್ಗೆ ಆ ಬ್ಯಾಗು ಎದುರುಮನೆಗೆ ಯಾಕೆ ಹೋಯಿತೆಂದು ಈಗ ಗೊತ್ತಾಯಿತು. "ಯಾಕೇ ಹೇಳಲಿಲ್ಲ?" ಎಂದರು.

"ಹೇಳಿದ್ರೆ ನೀವು ಪಂಚಾಂಗ ತೆಗೀತಿದ್ರಿ."

ಡಾಕ್ಟರು ಬರೆದುಕೊಟ್ಟರು. ಆರತಿ ಚೀಟಿ ಹಿಡಿದು ಓಡಿದಳು. ಮೇಘಶ್ರೀಯ ಕಂಪ್ಯೂಟರು ಒಂದು ಸಲ ನಿಂತಿತು. ತಿಮ್ಮಪ್ಪನೂ ಸೇರಿ ಕೌಂಟರಿನ ಮುಂದಿದ್ದವರೆಲ್ಲ ಅದರ ಕಡೆಗೇ ಬಗ್ಗಿದರು. ಅದು ಮತ್ತೆ ಎದ್ದಾಗ ನಾಲ್ಕು ಐವತ್ತೇಳು. "ಆಯ್ತು ಸರ್, ಅಡ್ಮಿಟ್ ಆಯ್ತು" ಎಂದಳು ಹುಡುಗಿ. ಮೇಷ್ಟರು ಅಲ್ಲೇ ಬೆಂಚಿನ ಮೇಲೆ ಕುಸಿದು ಕುಳಿತರು. ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳಲಿಲ್ಲ.

ಸುಂದರಮ್ಮನನ್ನು ಕೂರಿಸಿದ ಗಾಲಿಕುರ್ಚಿಯ ಹಿಂದೆ ಬಂದ ಡಾಕ್ಟರು ಹೇಳಿದರು. "ಪರೀಕ್ಷೆಗಳೆಲ್ಲ ಮುಂಚೆಯೇ ಆಗಿವೆ. ಆಪರೇಷನ್ ನಾಳೆ ಮಧ್ಯಾಹ್ನ ಹನ್ನೆರಡಕ್ಕೆ."

ಬುಧವಾರ ಹನ್ನೆರಡು ಎಂದರೆ ಸರಿಯಾಗಿ ರಾಹುಕಾಲ. ಆರತಿ ಗಾಬರಿಯಿಂದ ಮಾವನ ಮುಖ ನೋಡಿದಳು. ಮೇಷ್ಟರು ಎದ್ದು ನಿಂತರು.

"ಅದಕ್ಕೂ ಮುಂಚೆ ಆಗಲ್ವೇ ಡಾಕ್ಟ್ರೇ?" ಎಂದರು. "ಈ ರಾತ್ರೀನೂ ಅವಳು ಕೂತೇ ಕಳೀಬೇಕಲ್ಲ."