ಒಣ ಪೆಟ್ರೋಲು

ಕೊಟ್ಟ ಮಾತು ಇಷ್ಟೇ ಇತ್ತು: ಇಂಜಿನ್ ಕಟ್ಟಿದವನೇ ಗಾಡಿ ಓಡಿಸಬೇಕು. ಭಾಲ್ಕಿಯ ಕಬ್ಬಿಣದಂಗಡಿಯ ಪ್ರವೀಣಕುಮಾರ ದೀಪಾವಳಿಯ ಮರುವಾರ ಬೀದರಿಗೆ ಬಂದು, ಕೊಳಾರ ರಸ್ತೆಯಲ್ಲಿರುವ ಹಾವಗೆಪ್ಪನ ಗ್ಯಾರೇಜಿನಲ್ಲಿ ನಿಂತು, ಹಣೆಯ ವಿಭೂತಿ ಮುಟ್ಟಿಕೊಂಡು ಆಡಿದ ಮಾತು ಅದು.

"ಬಸವಣ್ಣನ ಆಣಿ ದಿಲೀಪಾ. ನೀ ಇದಕ್ಕ ಜೀವಾ ತುಂಬು. ಔರಾದ ರೇಸಿನ್ಯಾಗ ಇದರ ಮ್ಯಾಲ ನೀನೇ ಕೂಡ್ತಿ. ಬ್ಯಾರೇ ಯಾವನೂ ಇಲ್ಲ."

"ಕೇಳಿದ್ರೇನ್ರಿ ಕಾಕಾ?" ಎಂದು ದಿಲೀಪ ತನ್ನ ಉಸ್ತಾದನ ಕಡೆ ತಿರುಗಿದ್ದ.

"ಕೇಳೀನಿ ಪಾ. ನಾ ಏನ್ ಕಿವುಡ ಇದ್ದೀನೇನು?" ಎಂದಿದ್ದ ಹಾವಗೆಪ್ಪ.

ಎಂಟನೇ ತರಗತಿಗೆ ಶಾಲೆ ಬಿಟ್ಟು ಕಮಠಾಣದಿಂದ ಬಂದ ದಿಲೀಪ ಒಂಬತ್ತು ವರ್ಷ ಹಾವಗೆಪ್ಪನ ಕೈಕೆಳಗೆ ಬೆಳೆದವನು. ಸ್ಪ್ಯಾನರ್ ಹಿಡಿಯಲು ಕಲಿಸಿದ್ದು ಹಾವಗೆಪ್ಪ, ಮಧ್ಯಾಹ್ನದ ಜೋಳದ ರೊಟ್ಟಿ ಹಾಕಿದ್ದು ಅವನ ಹೆಂಡತಿ ರುಕ್ಮಿಣಿಬಾಯಿ, ಬೈಗುಳ ಇಬ್ಬರದೂ. ಕಾಕಾ ಸಾಕ್ಷಿ ನಿಂತ ಮೇಲೆ ಇನ್ನೇನು ಬೇಕು?

ಗಾಡಿ ಹೈದರಾಬಾದಿನ ಗುಜರಿಯಿಂದ ಬಂದದ್ದು. ನೂರಿಪ್ಪತ್ತೈದು ಸಿಸಿಯ ಜಪಾನೀ ಮೋಟೊಕ್ರಾಸ್, ಟೂ-ಸ್ಟ್ರೋಕ್. ಹೆಡ್‌ಲೈಟ್ ಇಲ್ಲ, ಹಾರ್ನ್ ಇಲ್ಲ, ಸ್ಟ್ಯಾಂಡ್ ಕೂಡ ಇಲ್ಲ. ಗೋಡೆಗೆ ಆನಿಸದಿದ್ದರೆ ಕುಡುಕನ ಹಾಗೆ ಬೀಳುವಂಥದ್ದು. ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಇಂಜಿನ್ ಸತ್ತಿತ್ತು.

ದಿಲೀಪ ಅದನ್ನು ಕೊನೆಯ ನಟ್ಟಿನವರೆಗೂ ಬಿಚ್ಚಿದ. ಹಿಂದೆ ಯಾವನೋ ಸಿಲಿಂಡರಿಗೆ ಕಬ್ಬಿಣದ ಲೈನರ್ ಕೂಡಿಸಿದ್ದ. ಅದನ್ನು ಕೊಳಾರದ ಲೇತಿಗೆ ಒಯ್ದು, ಪುಣೆಯಿಂದ ತರಿಸಿದ ಹೊಸ ಪಿಸ್ಟನ್ ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕೂತ.

"ಇಟ್ಟು ಹೋಗೋ, ಸಂಜಿಗಿ ಬಾ," ಎಂದ ಲೇತಿನವನು.

"ಒಲ್ಲೆ. ನೀವು ಪಿಸ್ಟನ್ ಅಳೀದೆ ಅಂದಾಜಿಲೆ ಹೊಡೀತೀರಿ."

"ಏನಪ್ಪಾ, ಮಗಳ ಲಗ್ನದ ಬಟ್ಟಿ ಹೊಲಸ್ಲಿಕ್ಕಿ ಬಂದಂಗ ಕೂತಿ!"

ಬೋರ್ ಆದ ಮೇಲೆ ಸಿಲಿಂಡರ್ ಗೋಡೆಯಲ್ಲಿನ ಕಿಂಡಿಗಳ ಅಂಚು ಬ್ಲೇಡಿನಂತೆ ನಿಂತಿತ್ತು. ರಿಂಗ್ ಅದಕ್ಕೆ ಸಿಕ್ಕಿತೋ, ತುಂಡು. ಸಣ್ಣ ಅರ ಹಿಡಿದು ಎರಡು ದಿನ ಕೂತು, ಕೂಸಿನ ಉಗುರು ತೆಗೆದ ಹಾಗೆ ಒಂದೊಂದೇ ಅಂಚಿನ ಹರಿತ ಮುರಿದ. ಪ್ಲಗ್ಗಿನ ತೂತಿನಲ್ಲಿ ಬೆಸುಗೆ ತಂತಿ ಇಳಿಬಿಟ್ಟು, ಕ್ರ್ಯಾಂಕ್ ತಿರುಗಿಸಿ, ಚಪ್ಪಟೆಯಾದ ತುದಿ ಅಳೆದು ಪಿಸ್ಟನ್ನಿಗೂ ಹೆಡ್ಡಿಗೂ ನಡುವಿನ ಸಂದು ನೋಡಿದ. ಮನಸ್ಸಿಗೆ ಬರಲಿಲ್ಲ. ಗ್ಯಾಸ್ಕೆಟ್ ಬದಲಿಸಿ ಮತ್ತೆ ಅಳೆದ.

ಹಾವಗೆಪ್ಪ ದೂರದಿಂದ ನೋಡುತ್ತಿದ್ದ. ಅವನ ನಲವತ್ತು ವರ್ಷ ಹೋದದ್ದು ರಸ್ತೆಯ ಟೂ-ಸ್ಟ್ರೋಕ್ ಗಾಡಿಗಳಲ್ಲಿ. ಈಚಿನವಕ್ಕೆಲ್ಲ ಎಣ್ಣೆಯ ಡಬ್ಬಿ ಬೇರೆ, ಪಂಪು ಬೇರೆ. ಟ್ಯಾಂಕಿಗೆ ಪೆಟ್ರೋಲ್ ಹೊಯ್ದು ಒದ್ದರೆ ಮುಗಿಯಿತು. ಈ ಗಾಡಿಗೆ ಆ ಡಬ್ಬಿಯೇ ಇಲ್ಲ. ಮೂವತ್ತೆರಡು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ ಕೈಯಿಂದಲೇ ಬೆರೆಸಿ ಹೊಯ್ಯಬೇಕು. ಬರಿ ಪೆಟ್ರೋಲ್ ಬಿದ್ದರೆ ಪಿಸ್ಟನ್ ಒಣಗಿ, ಕಾದು, ಓಡುತ್ತಿರುವಾಗಲೇ ಕಚ್ಚಿಕೊಳ್ಳುತ್ತದೆ. ಹಿಂದಿನ ಗಾಲಿ ಗಕ್ಕನೆ ನಿಲ್ಲುತ್ತದೆ. ಮೇಲೆ ಕೂತವನು ಹಾರಿ ಬೀಳುತ್ತಾನೆ.

"ಇದನ್ನ ಮರೀಬ್ಯಾಡ್ರಿ ಕಾಕಾ," ಎಂದು ದಿಲೀಪ ಎರಡು ಸಲ ಹೇಳಿದ್ದ.

"ನಿನ್ನ ಮೂಗಿನ್ಯಾಗ ಸುಂಬಳ ಇದ್ದಾಗಿಂದ ಟೂ-ಸ್ಟ್ರೋಕ್ ಬಿಚ್ಚಲತ್ತೀನಿ. ನನಗ ಕಲಸ್ತಿ?"

ಹೊಸ ಇಂಜಿನ್ನಿಗೆ ಮೊದಲ ಕಿಕ್ ಕಟ್ಟಿದವನದೇ ಎನ್ನುವುದು ಆ ಗ್ಯಾರೇಜಿನ ಪದ್ಧತಿ. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ದಿಲೀಪ ಒದ್ದ. ನಾಲ್ಕನೇ ಏಟಿಗೆ ಹತ್ತಿಕೊಂಡಿತು. ಆ ಸದ್ದಿಗೆ ರುಕ್ಮಿಣಿಬಾಯಿ ಹಿತ್ತಿಲ ಮನೆಯಿಂದ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, "ಹಾಟ್ಯಾ, ಮನಿ ಮ್ಯಾಲಿನ ತಗಡಿನ ಪತ್ರಾ ಹಾರಸ್ತಿ ಏನು?" ಎಂದು ಬೈದು, ಬೈಯುತ್ತಲೇ ನಕ್ಕಳು. ಕೈ ತಾಳುವಷ್ಟು ಬಿಸಿ ಮಾಡಿ, ಪೂರ್ತಿ ಆರಿಸಿ, ಮತ್ತೆ ಬಿಸಿ ಮಾಡಿ, ಮೂರು ದಿನ ದಿಲೀಪ ಇಂಜಿನ್ನನ್ನು ಪಳಗಿಸಿದ.

ಜನವರಿಯಲ್ಲಿ ಪ್ರವೀಣಕುಮಾರ ಫೋನ್ ಮಾಡಿದ್ದ. "ದಿಲೀಪಾ, ಹಿಂದಿನ ಸ್ಪ್ರಿಂಗ್ ಜರಾ ಮೆತ್ತಗ ಮಾಡು." ದಿಲೀಪ ಎಪ್ಪತ್ತೆಂಟು ಕಿಲೋದ ಆಳು, ಅವನಿಗೆ ಗಟ್ಟಿ ಸ್ಪ್ರಿಂಗೇ ಬೇಕು. ಮಾಲೀಕ ಹೇಳಿದನೆಂದು, ಯಾಕೆ ಎಂದೂ ಕೇಳದೆ, ತನ್ನ ಕೈಯಾರೆ ಮೆತ್ತಗೆ ಮಾಡಿದ್ದ.

ಔರಾದಿನ ಹೊರಗೆ, ತೊಗರಿ ಕಿತ್ತ ಹೊಲದಲ್ಲಿ ಜೆಸಿಬಿಯಿಂದ ದಿಬ್ಬ ಎಬ್ಬಿಸಿ ಟ್ರ್ಯಾಕ್ ಮಾಡಿದ್ದರು. ಭಾನುವಾರ. ಭಜಿಯ ಗಾಡಿ, ಮೈಕು, ಟ್ರ್ಯಾಕ್ಟರ್ ಟ್ರಾಲಿಗಳ ಮೇಲೆ ಜನ. ಟ್ಯಾಂಕ್ ಖಾಲಿ ಮಾಡಿ ಗಾಡಿಯನ್ನು ಟೆಂಪೋದಲ್ಲಿ ಮಲಗಿಸಿ ತಂದಿದ್ದರು. ದಾರಿಯಲ್ಲಿ ಸಂತಪುರದಲ್ಲಿ ಕ್ಯಾನಿಗೆ ಪೆಟ್ರೋಲ್ ಹಾಕಿಸಿದ್ದೂ ದಿಲೀಪನೇ. ಎಣ್ಣೆ ಇನ್ನೂ ಬೆರೆಸಿರಲಿಲ್ಲ. ಓಟಕ್ಕೆ ಮುಂಚೆ ತಾಜಾ ಬೆರೆಸುವುದು ಅವನ ರೂಢಿ.

ಹೆಸರು ಬರೆಸಲು ಹೋದರೆ, ಮೇಜಿನವನು ಪಟ್ಟಿಯ ಮೇಲೆ ಬೆರಳಿಟ್ಟ. "ಭಾಲ್ಕಿ ಗಾಡಿ ಬರದಾಗೇದಲ್ಲ. ಓಡಸೋರು ಸ್ವಪ್ನಿಲ. ನೀ ಹೆಲ್ಪರ್ ಅಂತ ಅದ."

ಸ್ವಪ್ನಿಲ ಉದಗೀರದವನು, ಪ್ರವೀಣಕುಮಾರನ ಹೆಂಡತಿಯ ತಮ್ಮ. ಸಣಕಲ. ಸ್ಪ್ರಿಂಗ್ ಯಾರಿಗಾಗಿ ಮೆತ್ತಗಾಯಿತು ಎಂಬುದು ದಿಲೀಪನಿಗೆ ಈಗ ಹೊಳೆಯಿತು. ಜನವರಿಯಿಂದಲೇ ಇವರು ತನ್ನ ಕೈಯಲ್ಲೇ ತನ್ನ ಗೋರಿ ತೋಡಿಸಿದ್ದರು.

"ಇದೇನ್ರಿ ಪ್ರವೀಣಣ್ಣ?"

"ತಿಳ್ಕೋ ದಿಲೀಪಾ. ಮನಿ ಮಾತು. ಹೆಂಡತಿ ತಮ್ಮ ಕೇಳ್ಯಾನ. ಒಲ್ಲೆ ಅಂದ್ರ ನನಗ ಮನ್ಯಾಗ ಚಾ ಬಿ ಸಿಗಂಗಿಲ್ಲ."

ಸುತ್ತಲಿದ್ದವರು ನಕ್ಕರು.

"ಬಸವಣ್ಣನ ಆಣಿ ಇಟ್ಟಿದ್ರಿ."

"ಮುಂದಿನ ವರ್ಷ ಬಿ ಬಸವಣ್ಣ ಇರ್ತಾನ ತಗೋ, ಎಲ್ಲಿಗಿ ಹೋಗ್ತಾನ!"

ಮತ್ತೆ ನಗು. ದಿಲೀಪ ಹಾವಗೆಪ್ಪನ ಕಡೆ ನೋಡಿದ. "ಕಾಕಾ, ನೀವ್ ಸಾಕ್ಷಿ ಇದ್ರಿ. ಹೇಳ್ರಿ."

"ಗಿರಾಕಿ ಗಾಡಿ ಪಾ. ನಾವು ಕಟ್ಟಿ ಕೊಡೋರು. ಗದ್ದಲ ಮಾಡಬ್ಯಾಡ, ನಾಲ್ಕು ಮಂದಿ ನೋಡ್ಲತ್ತಾರ."

ದಿಲೀಪ ತನ್ನ ಚೀಲ ಎತ್ತಿಕೊಂಡು ಜಾಲಿಮರದ ಕೆಳಗೆ ಹೋಗಿ ಕೂತ. ಅಲ್ಲಿಂದಲೇ ಕಾಣಿಸಿತು: ಹಾವಗೆಪ್ಪ ಕ್ಯಾನ್ ಎತ್ತಿದ, ಟ್ಯಾಂಕಿನ ಮುಚ್ಚಳ ತೆಗೆದ, ಪಕ್ಕದವನ ಜೊತೆ ಮಾತಾಡುತ್ತಲೇ ಗಳಗಳ ಸುರಿದ. ನಲವತ್ತು ವರ್ಷದ ಕೈ. ತಲೆಯನ್ನು ಕೇಳದೆ ತನ್ನ ಪಾಡಿಗೆ ತಾನು ಕೆಲಸ ಮಾಡಿತ್ತು.

ಎಣ್ಣೆಯ ಬಾಟಲಿ ದಿಲೀಪನ ಚೀಲದಲ್ಲಿತ್ತು. ಸೀಲ್ ಕೂಡ ಒಡೆದಿರಲಿಲ್ಲ.

ಕಚ್ಚಲಿ, ಎಂದುಕೊಂಡ. ಎರಡನೇ ಸುತ್ತಿಗೆ ಕಚ್ಚಲಿ, ಊರೆಲ್ಲ ನೋಡಲಿ. ಕಾಲ ಮೇಲೆ ಕಾಲು ಹಾಕಿ ಕೂತ. ಕೂತರೆ ಕಣ್ಣ ಮುಂದೆ ಆ ಸಿಲಿಂಡರ್ ಗೋಡೆ, ತಾನು ಮುರಿದ ಅಂಚುಗಳು. ಅತ್ತ ಸ್ವಪ್ನಿಲ ಹೆಲ್ಮೆಟ್ ಕಟ್ಟಿಕೊಂಡು, ಬಗ್ಗಿ ನೆಲ ಮುಟ್ಟಿ ನಮಸ್ಕಾರ ಮಾಡುತ್ತಿದ್ದ. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು. ಪಟ್ಟಿಯಲ್ಲಿ ಹೆಸರು ತಿದ್ದಿದವನು ಅವನಲ್ಲ.

ದಿಲೀಪ ಬಾಟಲಿ ಹಿಡಿದುಕೊಂಡು ಓಡಿದ. ಜನರನ್ನು ತಳ್ಳಿ, ಗಾಡಿಯ ಬಳಿ ಬಿದ್ದು, ಟ್ಯಾಂಕಿನ ಪೈಪನ್ನು ಕಿತ್ತು ಎಳೆದ. ಪೆಟ್ರೋಲ್ ಮಣ್ಣಿಗೆ ಸುರಿಯತೊಡಗಿತು.

"ಅರೇ, ಹೇ ಕಾಯ್ ಕರ್ತೋಸ್ ರೇ!" ಇದೇನು ಮಾಡುತ್ತಿ ಎಂದು ಸ್ವಪ್ನಿಲ ಮರಾಠಿಯಲ್ಲಿ ಚೀರಿದ. ಪ್ರವೀಣಕುಮಾರ ಬಂದು ದಿಲೀಪನ ಕಾಲರ್ ಹಿಡಿದ.

"ಎಣ್ಣಿ ಇಲ್ರೀ ಅದ್ರಾಗ! ಬರಿ ಪೆಟ್ರೋಲ್ ಅದ! ಓಡ್ಲತ್ತಾಗ ಕಚ್ತದ, ಇವನ ಕುತಗಿ ಮುರೀತದ!"

"ಸೀಟ್ ಸಿಗಲಿಲ್ಲಂತ ಸುಳ್ಳ ಹೇಳ್ತಿ ಏನಲೇ? ತುಂಬಿದವ್ರು ಕಾಕಾ. ಕಾಕಾಗ ಗೊತ್ತಿಲ್ಲ, ನಿನಗ ಗೊತ್ತದ?"

"ಬಾಟ್ಲಿ ನೋಡ್ರಿ, ಸೀಲ್ ಒಡದಿಲ್ಲ!"

"ಇಂಥಾ ಬಾಟ್ಲಿ ಬಜಾರದಾಗ ನೂರು ಸಿಗ್ತಾವ." ಪ್ರವೀಣಕುಮಾರ ಕೈಗೆ ಹೊಡೆದ ಏಟಿಗೆ ಬಾಟಲಿ ಹಾರಿ ಗಾಡಿಯ ಕೆಳಗೆ ಬಿತ್ತು. "ಕಾಕಾ, ನೀವೇ ಹೇಳ್ರಿ."

ಹಾವಗೆಪ್ಪ ಕುಕ್ಕರಗಾಲಲ್ಲಿ ಕೂತ. ತೊಟ್ಟಿಕ್ಕುತ್ತಿದ್ದ ಪೈಪಿನ ಕೆಳಗೆ ಎರಡು ಬೆರಳು ಹಿಡಿದು, ಹೆಬ್ಬೆರಳಿನಿಂದ ತಿಕ್ಕಿದ. ಎಣ್ಣೆ ಬೆರೆತಿದ್ದರೆ ಪೆಟ್ರೋಲ್ ಆರಿದ ಮೇಲೂ ಬೆರಳಿಗೆ ಜಿಡ್ಡು ಉಳಿಯುತ್ತದೆ. ಅದನ್ನು ದಿಲೀಪನಿಗೆ ಕಲಿಸಿದವನೇ ಅವನು. ಬೆರಳು ನೋಡನೋಡುತ್ತ ಒಣಗಿತು. ಹಾವಗೆಪ್ಪ ಮತ್ತೊಮ್ಮೆ ತಿಕ್ಕಿದ. ತಲೆಯೆತ್ತಿದ. ಒಂದು ಗಳಿಗೆ ಇಬ್ಬರ ಕಣ್ಣೂ ಕೂಡಿದವು. ಅವನಿಗೆ ತಿಳಿಯಿತು. ಅವನಿಗೆ ತಿಳಿಯಿತೆಂದು ದಿಲೀಪನಿಗೂ ತಿಳಿಯಿತು.

ಸುತ್ತ ಇನ್ನೂರು ಜನ. ಅರ್ಧಕ್ಕರ್ಧ ಅವನ ಗಿರಾಕಿಗಳು.

"ಅದ," ಎಂದ ಹಾವಗೆಪ್ಪ. "ಎಣ್ಣಿ ಅದ. ನಾನೇ ಹಾಕೀನಿ. ಹುಡುಗ ಸಿಟ್ಟಿನ್ಯಾಗ ಮಾಡ್ಯಾನ."

ನಾಲ್ಕು ಜನ ದಿಲೀಪನನ್ನು ದನ ಅಟ್ಟಿದ ಹಾಗೆ ಹೊಲದ ಬದುವಿನಾಚೆ ಅಟ್ಟಿದರು. ಹಿಂದಿನಿಂದ ಮೈಕು ಕೂಗುತ್ತಿತ್ತು: "ಕಮಠಾಣದ ದಿಲೀಪ ಅನ್ನೋ ಮಿಸ್ತ್ರಿ ಗಾಡಿ ಹಾಳು ಮಾಡ್ಲಿಕ್ಕಿ ಬಂದಿದ್ದ, ಅವನ್ನ ಹೊರಗ ಹಾಕೇದ. ಓಡಸೋರು ತಮ್ಮ ತಮ್ಮ ಗಾಡಿ ಜ್ವಾಕಿ ಮಾಡ್ಕೋರಿ." ಊರಿನ ಹೆಸರು, ಅವನ ಹೆಸರು, ಎರಡೆರಡು ಸಲ. ಸೀಟಂತೂ ಹೋಗಿತ್ತು. ಈಗ ಇಡೀ ಜಿಲ್ಲೆಯಲ್ಲಿ ಯಾವನು ಇವನ ಕೈಗೆ ಇಂಜಿನ್ ಕೊಡುತ್ತಾನೆ?

ರಸ್ತೆಯ ಸೇತುವೆಯ ಕಟ್ಟೆಯ ಮೇಲೆ ಕೂತ. ಓಟ ಶುರುವಾಯಿತು. ಏಳು ಗಾಡಿಗಳ ಗದ್ದಲದಲ್ಲಿ ತನ್ನದರ ಸದ್ದನ್ನು ಅವನ ಕಿವಿ ಹೆಕ್ಕಿ ಹಿಡಿಯಿತು. ಒಂದು ಸುತ್ತು. ಎರಡು. ಈಗ ಸ್ವರ ಗಡುಸಾಗಬೇಕು, ಈಗ ನಿಲ್ಲಬೇಕು ಎಂದು ಮುಷ್ಟಿ ಬಿಗಿಹಿಡಿದ. ಸ್ವರ ಕದಲಲಿಲ್ಲ. ಮೂರು. ನಾಲ್ಕು. ಗಾಳಿ ಈ ಕಡೆ ತಿರುಗಿದಾಗ ಮೂಗಿಗೆ ಹೊಡೆಯಿತು: ಸುಟ್ಟ ಎಣ್ಣೆಯ ಸಿಹಿ ಘಾಟು, ಬದುವಿನ ಮೇಲೆ ತೇಲಿದ ನೀಲಿ ಹೊಗೆ.

ಎಣ್ಣೆ ಬಿದ್ದಿತ್ತು. ಗಾಡಿಯ ಕೆಳಗೆ ಬಿದ್ದ ಬಾಟಲಿಯನ್ನು ಜನ ಅತ್ತ ತಿರುಗಿದಾಗ ಎತ್ತಿ, ಕ್ಯಾನಿನಲ್ಲಿ ಉಳಿದ ಪೆಟ್ರೋಲಿಗೆ ಅಳತೆ ತಪ್ಪದೆ ಬೆರೆಸಬಲ್ಲ ಕೈ ಅಲ್ಲಿ ಇನ್ನೊಂದೇ ಇತ್ತು: ಕಾಕಾನದು. ಆರೂ ಸುತ್ತು ಇಂಜಿನ್ ಹೂವಿನ ಹಾಗೆ ತಿರುಗಿತು. ಮೈಕು ಗೆದ್ದವನೆಂದು ಸ್ವಪ್ನಿಲನ ಹೆಸರು ಕೂಗಿತು. ಆಮೇಲೆ, ಇಂಜಿನ್ ಕಟ್ಟಿದವರು ಬೀದರಿನ ಹಿರಿಯ ಉಸ್ತಾದ ಹಾವಗೆಪ್ಪನವರು, ಎಂದಿತು. ಹಾಗೆ ತಿರುಗಿದ ಆ ಇಂಜಿನ್ನಿನ ಸದ್ದು ಕೇಳಿ ಒಂದು ಗಳಿಗೆ ದಿಲೀಪನ ಎದೆ ಉಬ್ಬಿತ್ತು. ಅದಕ್ಕಾಗಿ ತನ್ನ ಮೇಲೆಯೇ ಅವನಿಗೆ ಹೇಸಿಕೆಯಾಯಿತು.

ಮರುದಿನ ಬೆಳಿಗ್ಗೆ ತನ್ನ ಬಟ್ಟೆ, ಅಳತೆಯ ಪಟ್ಟಿ ಒಯ್ಯಲು ಗ್ಯಾರೇಜಿಗೆ ಹೋದ. ಹಾವಗೆಪ್ಪ ಹಳೇ ಟೈರಿನ ಮೇಲೆ ಕೂತು ಕಾರ್ಬುರೇಟರ್ ಒರೆಸುತ್ತಿದ್ದ. ತಲೆ ಎತ್ತಲಿಲ್ಲ. ರುಕ್ಮಿಣಿಬಾಯಿ ಚಹಾ ಹಿಡಿದು ಬಂದಳು.

"ಖರೆ ಏನೋ ದಿಲ್ಯಾ? ಹೊಟ್ಟಿಕಿಚ್ಚಿಗಿ ಪೈಪ್ ಕಿತ್ತಿದೆಂತ? ಒಂಬತ್ತು ವರ್ಷ ನನ್ನ ಕೈಯಿನ ರೊಟ್ಟಿ ತಿಂದು, ಮಂದ್ಯಾಗ ನಿಮ್ಮ ಕಾಕಾನ ಮಾನಾ ಕಳದೆಂತ?"

ಹಾವಗೆಪ್ಪ ಹೆಂಡತಿಗೂ ಅದನ್ನೇ ಹೇಳಿದ್ದ. ಇನ್ನೂರು ಜನರ ಮುಂದೆ ಹೇಳಿದ್ದಕ್ಕೆ ಮಾನದ ನೆಪ ಇತ್ತು. ಒಲೆಯ ಮುಂದೆ ಹೇಳಿದ್ದಕ್ಕೆ ಏನಿತ್ತು?

"ಕಾಕು, ಅವರನ್ನೇ ಕೇಳ್ರಿ. ನಾ ಇಲ್ಲೇ ನಿಂತೀನಿ. ನನ್ನ ಮುಂದ ಹೇಳ್ಲಿ."

ರುಕ್ಮಿಣಿಬಾಯಿ ಗಂಡನ ಕಡೆ ತಿರುಗಿದಳು. ಹಾವಗೆಪ್ಪ ಕಾರ್ಬುರೇಟರನ್ನು ಬಟ್ಟೆಯಲ್ಲಿ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

"ಹೋಗ್ಲಿ ಬಿಡು," ಎಂದ ಕೊನೆಗೆ. "ಸಣ್ಣವ ಇದ್ದಾನ. ನಾ ಮಾಫ್ ಮಾಡೀನಿ."

ರಾತ್ರಿಯಿಡೀ ಸಾಲುಹಚ್ಚಿ ಇಟ್ಟುಕೊಂಡಿದ್ದ ಬೈಗುಳಗಳು ದಿಲೀಪನ ಬಾಯಲ್ಲೇ ಸುಟ್ಟುಹೋದವು. ಬಟ್ಟೆಯನ್ನು ಚೀಲಕ್ಕೆ ತುರುಕಿದ.

"ಕಾಕು, ಇವತ್ತಿನಿಂದ ನನ್ನ ಪಾಲಿನ ರೊಟ್ಟಿ ಬಡೀಬ್ಯಾಡ್ರಿ."

"ಏ ಹುಚ್ಚಾ! ಅವರು ಮಾಫ್ ಮಾಡ್ಯಾರಲ್ಲೋ, ಮತ್ಯಾಕ ಹೊಂಟಿ?"

"ಅದಕ್ಕೇ ಹೊಂಟೀನ್ರಿ."